ಒಂದೇ ಸದ್ದಿನ ಎರಡು ಪಿಕಪ್

ಹೇಳಿಕೆ ಕೊಟ್ಟವರು: ವರ್ನಾ ಕುಚೆರಾ, ಗಂಡ ದಿವಂಗತ ಲೋಯೆಲ್ ಕುಚೆರಾ, ವಯಸ್ಸು 66 ವರ್ಷ, ಕಸುಬು ದನ ಸಾಕಣೆ, ವಾಸ ಹಾರ್ಲನ್ ಸ್ಪ್ರಿಂಗ್ಸ್ ಊರಿನಿಂದ ಉತ್ತರಕ್ಕೆ 26 ಮೈಲಿ, ಮಾರ್ಲೋ ಕೌಂಟಿ, ನೆಬ್ರಾಸ್ಕಾ.

ಇಂದು ತಾರೀಖು 31-01-2024ರಂದು ಷೆರಿಫ್ ಕಚೇರಿಗೆ ನಾನಾಗಿಯೇ ಬಂದು ಡೆಪ್ಯುಟಿ ಹ್ಯಾಲ್ವರ್ಸನ್ ಅವರೆದುರು ಕುಳಿತು ಬರೆಸುತ್ತಿರುವುದು ಏನೆಂದರೆ, ನಮ್ಮ ಆಳು ಓರಿನ್ ಟ್ಯಾಬರ್, ವಯಸ್ಸು 73, ಇದೇ ಜನವರಿ 23ರ ಮಂಗಳವಾರ ಬೆಳಗ್ಗೆ ನಮ್ಮ ಹುಲ್ಲುಗಾವಲಿನ ಗೇಟಿನ ಕಂಬಕ್ಕೂ ಒಂದು ಗಾಡಿಗೂ ನಡುವೆ ಸಿಕ್ಕಿ ತೀರಿಕೊಂಡ. ಪ್ರಾಣ ಹೋಗುವ ಮುಂಚೆ ಆಂಬ್ಯುಲೆನ್ಸಿನವರ ಮುಂದೆ ನನ್ನ ಹೆಸರು ಹೇಳಿದ. ಆ ಗಾಡಿ ಓಡಿಸಿದ್ದು ನಾನಲ್ಲ. ಓಡಿಸಿದವನು ನನ್ನ ಗಂಡನ ತಂಗಿಯ ಮಗ ಡೆರಿಕ್ ಹೊರ್ಕಿ. ಓರಿನ್ ಸುಳ್ಳು ಹೇಳಿದ ಎಂದೂ ನಾನು ಹೇಳುತ್ತಿಲ್ಲ. ಅವನು ಕೇಳಿದ್ದನ್ನೇ ಹೇಳಿದ. ಇದನ್ನು ತಿಳಿಸಬೇಕಾದರೆ ಗಾಡಿಯ ಹೊಗೆ ಪೈಪಿನಿಂದ ಶುರು ಮಾಡಬೇಕು. ಅಷ್ಟು ಹಿಂದಿನಿಂದ ಬೇಡ ಎಂದು ಡೆಪ್ಯುಟಿಯವರು ಹೇಳಿದರು. ಬೇಕು ಎಂದು ನಾನು ಹೇಳಿದೆ.

ನಮ್ಮದು 1996ರ ಡೀಸೆಲ್ ಪಿಕಪ್. ಎಂಜಿನ್ ಗಟ್ಟಿ, ಉಳಿದದ್ದೆಲ್ಲ ತುಕ್ಕು. 2009ರಲ್ಲಿ ಕಂಪನಿಯ ಸೈಲೆನ್ಸರ್ ದಾರಿಯಲ್ಲಿ ಉದುರಿ ಬಿದ್ದಾಗ ನನ್ನ ಗಂಡ ಅದೇ ಥರದ್ದು ಹಾಕಿಸಲಿಲ್ಲ. ಊರಿನ ಗ್ಯಾರೇಜಿನ ಅಲ್ವಿನ್ ಪೀಟರ್ಕಾ ಹತ್ತಿರ ಸೈಲೆನ್ಸರ್ರೇ ಇಲ್ಲದ ನಾಲ್ಕಿಂಚಿನ ನೇರ ಪೈಪು ಹಾಕಿಸಿದರು. ಕೊನೆಯ ಮೂರಡಿಗೆ ಪೈಪು ಸಾಲಲಿಲ್ಲ. ಬಿದ್ದುಹೋಗಿದ್ದ ಗಾಳಿಯಂತ್ರದ ಬಾವಿಯಿಂದ ಎತ್ತಿಟ್ಟಿದ್ದ ಕಬ್ಬಿಣದ ಕೇಸಿಂಗ್ ಪೈಪನ್ನು ಕತ್ತರಿಸಿ ಹಿಂದಿನ ಚಕ್ರದ ಹಿಂದೆ ಬಲಗಡೆಗೆ ವೆಲ್ಡಿಂಗ್ ಮಾಡಿಸಿದರು. ಕೇಸಿಂಗ್ ದಪ್ಪನೆಯದು. ಅದರಿಂದ ಬರುವ ಸದ್ದು ಬೇರೆ ಡೀಸೆಲ್ ಗಾಡಿಗಳ ಹಾಗೆ ಅರಚುವುದಿಲ್ಲ, ಗಂಟಲು ಕಟ್ಟಿದ ಗೂಳಿಯ ಹಾಗೆ ಗುರುಗುಟ್ಟುತ್ತದೆ. ಮೊದಲೆರಡು ವರ್ಷ ನನಗೆ ಅದರಿಂದ ತಲೆನೋವು ಬರುತ್ತಿತ್ತು. ಈ ದರಿದ್ರ ಪೈಪು ಬಿಚ್ಚಿಸಿ ಎಂದು ನಾನು ದಿನಾ ಜಗಳವಾಡುತ್ತಿದ್ದೆ. ‘ದನಕ್ಕೆ ಹಿಡಿಸಿದೆ ಕಣೆ, ನಿಂಗೂ ಹಿಡಿಸುತ್ತೆ’ ಎನ್ನುತ್ತಿದ್ದರು.

ದನಕ್ಕೆ ಹಿಡಿಸಿದ್ದು ನಿಜ. ಚಳಿಗಾಲದಲ್ಲಿ ನಾವು ಪಿಕಪ್ಪಿನ ಹಿಂದೆ ಹಿಂಡಿಯ ಡಬ್ಬ ಕಟ್ಟಿಕೊಂಡು ಹೋಗಿ ಹಾಕುತ್ತೇವೆ. ನಮ್ಮ ಹಸುಗಳು ಒಂದೂವರೆ ಮೈಲಿ ಆಚೆಯಿಂದಲೂ ಈ ಸದ್ದು ಕೇಳಿ ಓಡಿಬರುತ್ತವೆ. ಪಕ್ಕದವರ ಗಾಡಿ ಹೋದರೆ ತಲೆ ಕೂಡ ಎತ್ತುವುದಿಲ್ಲ. ಅವುಗಳನ್ನು ದೊಡ್ಡಿಗೆ ಸೇರಿಸಲು ನಮಗೆ ಕುದುರೆಯೂ ಬೇಡ, ನಾಯಿಯೂ ಬೇಡ. ಗಾಡಿ ದೊಡ್ಡಿಯೊಳಗೆ ಹೋದರೆ ಹಸುಗಳೂ ಹಿಂದೆಯೇ ಹೋಗುತ್ತವೆ.

ಓರಿನ್ ಕೂಡ ಸದ್ದಿಗೇ ಬರುತ್ತಿದ್ದ. ಅವನ ಮನೆ ಹುಲ್ಲುಗಾವಲಿನ ಗೇಟಿನಿಂದ ಮೂವತ್ತು ಅಡಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸು ಎಂದರೆ ‘ಕತ್ತಿ ಹಾಕಿಸ್ಕೊಳ್ಳಕ್ಕೆ ನಾನೇನು ಹೋರಿಕರುನಾ?’ ಎಂದು ನಗುತ್ತಿದ್ದ. ಲೈಸೆನ್ಸ್ ಹೋಗಿತ್ತು. ಗಾಡಿಯ ಸದ್ದು ಕೇಳಿದರೆ ಹೊರಗೆ ಬಂದು ಗೇಟು ತೆಗೆದು, ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ಗಾಡಿ ನಿಲ್ಲಿಸಿದರೆ ಹತ್ತಿ ಕೂರುತ್ತಿದ್ದ. ಹದಿನೈದು ವರ್ಷ ಇದೇ ಪದ್ಧತಿ. ಕಳೆದ ಅಕ್ಟೋಬರ್ 9ರಂದು ನನ್ನ ಗಂಡ ಹೃದಯ ನಿಂತು ತೀರಿಕೊಂಡ ಮೇಲೆ ಗಾಡಿ ನಾನು ಓಡಿಸುತ್ತಿದ್ದೆ. ಓರಿನ್‌ಗೆ ಓಡಿಸುವವರು ಬದಲಾಗಿದ್ದರು, ಸದ್ದು ಅದೇ ಇತ್ತು.

ನವೆಂಬರ್ ಎರಡನೆಯ ವಾರ ಡೆರಿಕ್ ಮನೆಗೆ ಬಂದ. ಅವನಿಗೆ 32 ವರ್ಷ. ಬೇರೆಯವರ ದನವನ್ನು ಟ್ರೇಲರಿನಲ್ಲಿ ಸಾಗಿಸುವ ಕೆಲಸ. ಗಂಡನ ಕಡೆಯವರಲ್ಲಿ, ದಫನಾದ ಮೇಲೆ ನನ್ನನ್ನು ನೋಡಲು ಬಂದವನು ಅವನೊಬ್ಬನೇ. ನಾನು ಮಾಡಿದ್ದ ಕೊಲಾಚೆ, ಹಣ್ಣು ತುಂಬಿದ ಸಿಹಿ ಬನ್ನು, ನಾಲ್ಕು ತಿಂದ. ಆಮೇಲೆ, ತಾನೂ 1996ರದೇ ಪಿಕಪ್ ಕೊಂಡಿದ್ದಾಗಿಯೂ, ಅದರ ಹೊಗೆ ಪೈಪು ಪೂರ್ತಿ ತೂತಾಗಿರುವುದಾಗಿಯೂ, ಏನು ಹಾಕಿಸಲಿ ಎಂದು ಮಾವನನ್ನು ಕೇಳೋಣವೆಂದರೆ ಮಾವನೇ ಇಲ್ಲವೆಂದೂ ಹೇಳಿದ. ‘ನಂಗೆ ಮಾವನ ಗಾಡಿ ಥರಾನೇ ಕೂಗ್ಬೇಕು ಅತ್ತೆ. ನೀವೂ ಜೊತೇಲಿ ಬನ್ನಿ, ಆ ಗಾಡೀನೂ ತಗೊಂಡು ಬನ್ನಿ. ಅಲ್ವಿನ್ ನೋಡ್ಕೊಂಡು ಮಾಡ್ಲಿ’ ಎಂದ. ನನಗೆ ಅಳು ಬಂತು. ಮಕ್ಕಳಿಲ್ಲದವಳಿಗೆ ಇಂಥ ಮಾತು ಸಾಕು. ಮಾರನೆಯ ವಾರ ಹೊರಟೆ.

ನವೆಂಬರ್ 18, ಶನಿವಾರ ಬೆಳಗ್ಗೆ 10 ಗಂಟೆಗೆ ಅಲ್ವಿನ್ ಗ್ಯಾರೇಜಿನಲ್ಲಿ ಎರಡೂ ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದೆವು. ಅಲ್ವಿನ್ ಮೊದಲು ಟಪಾಲಿನಲ್ಲಿ ತರಿಸುವ ಸಿದ್ಧ ಪೈಪು ಸೆಟ್ಟಿನ ಚಿತ್ರ ತೋರಿಸಿದ. ಸ್ಟೀಲಿನದು, ತುಕ್ಕು ಹಿಡಿಯುವುದಿಲ್ಲ, ಸೈಲೆನ್ಸರ್ ಜೊತೆಗೇ ಬರುತ್ತದೆ, ಹಳೆಯ ಗಾಡಿಗೆ ಅದೇ ಸರಿ, ಒಳಗೆ ಕೂತವರು ಮಾತಾಡಿದರೆ ಕೇಳಿಸುತ್ತದೆ ಎಂದ. ಡೆರಿಕ್ ಬೇಡ ಎಂದ. ಹಾಗಾದರೆ ಐದಿಂಚಿನದು ಎಂದ ಅಲ್ವಿನ್. ಅದೂ ಬೇಡ. ಕ್ಯಾಬಿನ್ನಿನ ಹಿಂದೆ ಎರಡು ಕೊಳವೆ ಆಕಾಶಕ್ಕೆ ನಿಲ್ಲಿಸುವುದು ಈಗಿನ ಹುಡುಗರಿಗೆ ಇಷ್ಟ, ಅದನ್ನಾದರೂ ಹಾಕಲೇ ಎಂದ.

‘ಬೇಡ ಅಂದ್ನಲ್ಲ. ಇದರ ಥರ ಮಾಡು’ ಎಂದು ಡೆರಿಕ್ ನನ್ನ ಗಾಡಿಯನ್ನು ತೋರಿಸಿದ.

‘ನಿನ್ ವಯಸ್ಸಿನೋರು ಊರೆಲ್ಲ ಎದ್ದು ನೋಡೋ ಹಂಗೆ ಹೊಗೆ ಬಿಡ್ತಾರೆ. ನೀನೇನಯ್ಯಾ, ಮುದುಕನ ಕೆಮ್ಮು ಬೇಕು ಅಂತೀಯ?’ ಎಂದು ಅಲ್ವಿನ್ ಹಾಸ್ಯ ಮಾಡಿದ.

‘ಮಾವನ ನೆನಪಿಗೆ ಕಣಯ್ಯಾ’ ಎಂದ ಡೆರಿಕ್. ಅಲ್ವಿನ್ ಟೋಪಿ ತೆಗೆದ. ನಾನು ಹೆಮ್ಮೆಯಿಂದ ನಿಂತಿದ್ದೆ.

ಅಲ್ವಿನ್ ನಾಲ್ಕಿಂಚಿನ ಪೈಪು ಎಳೆದು ಎರಡೂ ಎಂಜಿನ್ ಸ್ಟಾರ್ಟ್ ಮಾಡಿದ. ಡೆರಿಕ್ ಗಾಡಿಯದು ಕೀರಲು ಸದ್ದು. ನಾನು ಅಲ್ಲ ಎಂದೆ. ಪುಟ್ಟದೊಂದು ಸೈಲೆನ್ಸರ್ ಮಧ್ಯೆ ಸೇರಿಸಿದ. ಖಾಲಿ ಪೀಪಾಯಿ ಬಡಿದ ಹಾಗೆ ಕೇಳಿಸಿತು. ಅದೂ ಅಲ್ಲ ಎಂದೆ. ಡೆರಿಕ್‌ಗೆ ಬೇಸರವೇ ಆಗಲಿಲ್ಲ. ‘ಅತ್ತೆ ಹೂಂ ಅನ್ನೋವರ್ಗೂ ಬಿಡಲ್ಲ’ ಎಂದ. ಕೇಸಿಂಗ್ ಪೈಪು ಇಲ್ಲದೆ ಆ ಸದ್ದು ಬರುವುದಿಲ್ಲ ಎಂದು ಅಲ್ವಿನ್‌ಗೂ ಗೊತ್ತಾಯಿತು, ಅವನ ಹತ್ತಿರ ಅಂಥದ್ದು ಇರಲಿಲ್ಲ. ನಮ್ಮ ಷೆಡ್ಡಿನ ಹಿಂದೆ ಅದೇ ಬಾವಿಯ ಪೈಪಿನ ಉಳಿದ ತುಂಡು ಬಿದ್ದಿದೆ ಎಂದು ಹೇಳಿದವಳು ನಾನು. ಹೋಗಿ ತಂದುಕೊಟ್ಟವಳೂ ನಾನೇ. ಸಂಜೆ 4 ಗಂಟೆಗೆ ಅದನ್ನು ವೆಲ್ಡಿಂಗ್ ಮಾಡಿ ಸ್ಟಾರ್ಟ್ ಮಾಡಿದಾಗ ನಾನು ಹೂಂ ಎನ್ನಲಿಲ್ಲ. ಹೋಗಿ ಆ ಗಾಡಿಯ ಬಾನೆಟ್ಟಿನ ಮೇಲೆ ಕೈ ಇಟ್ಟೆ. ಡೆರಿಕ್ ನನ್ನ ಹೆಗಲ ಮೇಲೆ ಕೈ ಹಾಕಿ ‘ಮಾವ ಬಂದಂಗಾಯ್ತಲ್ವಾ ಅತ್ತೆ?’ ಎಂದು ಕೇಳಿದ. ಆ ಹೊತ್ತಿಗೇ ಅವನ ಮನಸ್ಸಿನಲ್ಲಿ ಕಳ್ಳತನ ಇತ್ತೋ, ಆಮೇಲೆ ಬಂತೋ, ನನಗೆ ಗೊತ್ತಿಲ್ಲ. ಅವನನ್ನೇ ಕೇಳಿ.

ಡಿಸೆಂಬರಿನಿಂದ ಹಿಂಡಿ ಹಾಕಲು ಶುರು ಮಾಡಿದೆ. ದಿನವೂ ಬೆಳಗ್ಗೆ 8.30ಕ್ಕೆ ಷೆಡ್ಡಿನಿಂದ ಗಾಡಿ ತೆಗೆಯುತ್ತಿದ್ದೆ. ಕ್ರಿಸ್‌ಮಸ್ ಆದ ಮೇಲೆ ನಾಲ್ಕೈದು ಬೆಳಗ್ಗೆ, ಷೆಡ್ಡಿನ ಬಾಗಿಲು ನಾನಿನ್ನೂ ತೆಗೆಯದೆ ಇರುವಾಗಲೇ, ಮರಗಳ ಸಾಲಿನ ಆಚೆಯ ರಸ್ತೆಯಲ್ಲಿ ನನಗೆ ಗಾಡಿಯ ಸದ್ದು ಕೇಳಿಸಿತ್ತು. ಪಾದ್ರಿಗಳ ಹೆಂಡತಿಯ ಹತ್ತಿರ ಹೇಳಿದೆ. ಗಂಡ ಸತ್ತವರಿಗೆ ಹೀಗೆ ಕೇಳಿಸುತ್ತದೆ, ತನ್ನ ತಾಯಿಗೆ ವರ್ಷಗಟ್ಟಲೆ ಅಪ್ಪನ ಬೂಟಿನ ಸದ್ದು ಕೇಳಿಸುತ್ತಿತ್ತು, ಹೆದರಬೇಡಿ ಎಂದು ಅವರು ಹೇಳಿದರು. ನಾನು ಹೆದರಲಿಲ್ಲ. ನಿಜ ಹೇಳಬೇಕೆಂದರೆ ಕಾಯುತ್ತಿದ್ದೆ. ಈಗ ಯೋಚಿಸಿದರೆ, ಯಾರೋ ಬಂದು ನನ್ನ ಹಸುಗಳಿಗೆ ಬೇಲಿಯಾಚೆಯಿಂದ ಹಿಂಡಿ ಎಸೆದು ರೂಢಿ ಮಾಡಿಸುತ್ತಿದ್ದರು ಎನಿಸುತ್ತದೆ. ಒಂದೆರಡು ದಿನ ಹಸುಗಳು ನಾನು ಹಾಕಿದ್ದನ್ನು ಪೂರ್ತಿ ತಿನ್ನದೆ ಬಿಟ್ಟಿದ್ದವು.

ಜನವರಿ 23ರ ಬೆಳಗ್ಗೆ ದಟ್ಟ ಮಂಜು. ಅಡುಗೆಮನೆಯ ಕಿಟಕಿಯಿಂದ ಷೆಡ್ಡು ಕಾಣುತ್ತಿರಲಿಲ್ಲ. 7.40ರ ಸುಮಾರಿಗೆ ಸದ್ದು ಕೇಳಿತು. ಕೌಂಟಿ ರಸ್ತೆಯಿಂದ ಬಂದು, ಮರಗಳ ಆಚೆ ಗೇಟಿನ ಕಡೆಗೆ ಹೋಯಿತು. ನನ್ನ ಗಾಡಿ ಷೆಡ್ಡಿನಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೊರಗೆ ಬಂದು ನೋಡಲಿಲ್ಲ. ರೇಡಿಯೊ ಆರಿಸಿದೆ. ಕಾಫಿ ಲೋಟ ಹಿಡಿದು ಸಿಂಕಿನ ಹತ್ತಿರವೇ ನಿಂತೆ. ಹೊರಗೆ ಹೋದರೆ ಏನೂ ಇರುವುದಿಲ್ಲ, ನಿಂತಿದ್ದರೆ ಇನ್ನಷ್ಟು ಹೊತ್ತು ಕೇಳಬಹುದು ಎಂದುಕೊಂಡೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. 8.15ಕ್ಕೆ ಅದೇ ಸದ್ದು ವಾಪಸ್ ಹೋಯಿತು. ಈ ಸಲ ಜೋರಾಗಿ, ಗೇರು ಸರಿಯಾಗಿ ಬೀಳದೆ, ಹಿಂದೆ ಏನೋ ಗಡಗಡ ಎನ್ನುತ್ತ. ನನ್ನ ಗಂಡ ಯಾವತ್ತೂ ಹಾಗೆ ಗೇರು ಹಾಕಿದವರಲ್ಲ. ಅದರಿಂದಲೇ ನನಗೆ ಎಚ್ಚರವಾಯಿತು. ಅದೇ ಸದ್ದಿನ ಇನ್ನೊಂದು ಗಾಡಿ ಡೆರಿಕ್ ಹತ್ತಿರ ಇದೆ ಎಂಬುದು ಆಗ ಹೊಳೆಯಿತು.

ಕೋಟು ಹಾಕಿಕೊಂಡು ಷೆಡ್ಡಿಗೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದೆ. ಚಳಿಗೆ ಅದು ಕೂಡಲೇ ಹತ್ತಿಕೊಳ್ಳುವುದಿಲ್ಲ. 8.30ಕ್ಕೆ ಗೇಟಿನ ಹತ್ತಿರ ಬಂದೆ. ಗೇಟು ಪೂರ್ತಿ ತೆಗೆದಿತ್ತು. ಓರಿನ್ ಬಲಗಡೆಯ ಕಂಬದ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಸೊಂಟದಿಂದ ಕೆಳಗೆ ಅವನದು ನೋಡುವ ಹಾಗಿರಲಿಲ್ಲ. ಗಾಡಿಯನ್ನು ಹತ್ತು ಅಡಿ ಹಿಂದೆ ನಿಲ್ಲಿಸಿ ಓಡಿದೆ. ಎಂಜಿನ್ ಓಡುತ್ತಲೇ ಇತ್ತು. ಅವನು ಕಣ್ಣು ಮುಚ್ಚಿಕೊಂಡೇ ‘ಅದನ್ನ ಆಫ್ ಮಾಡು’ ಎಂದ. ವಾಪಸ್ ಹೋಗಿ ಆಫ್ ಮಾಡಿ ಬಂದೆ. ಅವನ ಮನೆಯ ಫೋನಿನಿಂದ ಆಂಬ್ಯುಲೆನ್ಸಿಗೆ ಹೇಳಿ, ಅವನ ಹಾಸಿಗೆಯ ಕಂಬಳಿ ತಂದು ಹೊದೆಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಹಿಮದ ಮೇಲೆ ಕುಳಿತೆ.

‘ಯಾಕೆ ವರ್ನಾ, ನಿಲ್ಲಿಸ್ಲೇ ಇಲ್ವಲ್ಲ ನೀನು?’ ಎಂದು ಕೇಳಿದ.

ನಾನಲ್ಲ, ನಾನು ಈಗ ತಾನೆ ಬರುತ್ತಿದ್ದೇನೆ ಎಂದೆ.

‘ಗೇಟು ತೆಗ್ದೆ. ನೀನು ಹಂಗೇ ಒಳಗೆ ಹೋದೆ, ನನ್ನ ಹತ್ತಿಸ್ಕೊಳ್ಲಿಲ್ಲ. ಏನೋ ಸಿಟ್ಟಿರ್ಬೇಕು ಅಂದ್ಕೊಂಡೆ. ಸ್ವಲ್ಪ ಹೊತ್ತಾದ್ಮೇಲೆ ನೀನು ಹೊರಗೆ ಬರೋದು ಕೇಳಿಸ್ತು, ಟ್ರೇಲರ್ ಬೇರೆ ಕಟ್ಕೊಂಡಿದ್ದೆ. ನಾನು ಗೇಟು ಹಾಕೋಣ ಅಂತ ಬಂದೆ. ಕೈ ಎತ್ತಿದೆ. ಆಗ್ಲೂ ನಿಲ್ಲಿಸ್ಲಿಲ್ಲ’ ಎಂದ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ.

ನಾನಲ್ಲ ಓರಿನ್, ದೇವರಾಣೆ ನಾನಲ್ಲ ಎಂದೆ. ‘ಹದಿನೈದು ವರ್ಷದಿಂದ ಆ ಗಾಡಿಗೆ ಗೇಟು ತೆಗೀತಿದೀನಿ. ನಂಗೆ ಗೊತ್ತಾಗಲ್ವಾ?’ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಬೇಜಾರು ಮಾಡಿಕೊಂಡು ಹೇಳಿದ. ಇಷ್ಟು ವರ್ಷ ಒಂದೇ ಮನೆಯ ಊಟ ಮಾಡಿದವಳು ಗುದ್ದಿ ಹೋಗಿಬಿಟ್ಟಳಲ್ಲ ಎಂಬುದು ಅವನ ಸಂಕಟ. ನೋವಿಗಿಂತ ಅದೇ ಅವನನ್ನು ಹೆಚ್ಚು ಸುಡುತ್ತಿತ್ತು. ಡೆರಿಕ್, ಪೈಪು, ಕೇಸಿಂಗ್ ತುಂಡು, ಎಲ್ಲ ಅವನಿಗೆ ಬಿಡಿಸಿ ಹೇಳಲು ಹೊರಟೆ. ಅವನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ‘ಯಾಕೆ, ವರ್ನಾ? ನಾನೇನ್ ಮಾಡ್ದೆ?’ ಎಂದೇ ಮತ್ತೆ ಮತ್ತೆ ಕೇಳುತ್ತಿದ್ದ. 9.20ಕ್ಕೆ ಆಂಬ್ಯುಲೆನ್ಸ್ ಬಂತು. ಅದರಲ್ಲಿ ಬಂದ ಇಬ್ಬರೂ ನನಗೆ ಗೊತ್ತಿರುವವರೇ, ಊರಿನ ಸ್ವಯಂಸೇವಕರು. ಯಾರು ಗುದ್ದಿದ್ದು ಎಂದು ಅವರು ಓರಿನ್‌ನನ್ನು ಕೇಳಿದರು. ‘ವರ್ನಾ ಗಾಡಿ’ ಎಂದ. ಅವರಿಬ್ಬರೂ ನನ್ನ ಮುಖ ನೋಡಿದರು. ಆಗ ನಾನು ಓರಿನ್ ಕಿವಿಯ ಹತ್ತಿರ ಬಗ್ಗಿ ‘ತಪ್ಪಾಯ್ತು ಓರಿನ್’ ಎಂದೆ. ಅವರಿಗೂ ಕೇಳಿಸಿತು. ‘ಹೋಗ್ಲಿ ಬಿಡು’ ಎಂದ. ಆಮೇಲೆ ಕೇಳುವುದನ್ನು ನಿಲ್ಲಿಸಿದ. ಊರು ಮುಟ್ಟುವ ಮುಂಚೆ ತೀರಿಕೊಂಡ.

ಅಂದು ಸಂಜೆ ಎಣಿಸಿದಾಗ ಗಬ್ಬದ ಹಸುಗಳಲ್ಲಿ ಹದಿನಾಲ್ಕು ಇರಲಿಲ್ಲ. ಒಂದು ಟ್ರೇಲರಿನಲ್ಲಿ ಹಿಡಿಯುವುದು ಅಷ್ಟೇ. ದೊಡ್ಡಿಯೊಳಗೆ ನಾನು ಹಾಕದ ಹಿಂಡಿ ಬಿದ್ದಿತ್ತು. ಡೆರಿಕ್ ಮಾರನೆಯ ದಿನ ಓರಿನ್‌ಗೆಂದು ಹಾರ ಹಿಡಿದುಕೊಂಡು ಬಂದ. ಗೇಟು ತೆಗೆದೇ ಇದ್ದುದರಿಂದ ಮಂಜಿನಲ್ಲಿ ಹಸುಗಳು ತಪ್ಪಿಸಿಕೊಂಡಿರಬೇಕು, ನಾನು ಹುಡುಕಿಕೊಡುತ್ತೇನೆ ಎಂದ. ನೀನು ಎಲ್ಲಿದ್ದೆ ಎಂದು ಕೇಳಿದೆ. ಮನೆಯಲ್ಲಿ ಮಲಗಿದ್ದೆ ಎಂದ. ‘ನೋಡಿ ಅತ್ತೆ, ನಿಮಗೆ ಮಾವ ಹೋದಾಗಿಂದ ತಲೆ ಸರಿ ಇಲ್ಲ. ಸದ್ದು ಕೇಳಿಸುತ್ತೆ ಅಂತ ನೀವೇ ಎಲ್ಲರ ಹತ್ರ ಹೇಳ್ಕೊಂಡಿದೀರ. ನೀವು ಗುದ್ದಿದ್ದು ನಿಮಗೇ ನೆನಪಿಲ್ಲ. ವಯಸ್ಸಾದವ್ರು, ಯಾರೂ ಜೈಲಿಗೆ ಹಾಕಲ್ಲ, ಒಪ್ಕೊಂಡ್ಬಿಡಿ’ ಎಂದ. ಕೈಯಲ್ಲಿ ಹಾರ ಹಿಡಿದೇ ಹೇಳಿದ. ಅವನ ತಾಯಿ ರಾತ್ರಿ ಫೋನ್ ಮಾಡಿ ‘ನಿಂಗೆ ಮಕ್ಕಳಿಲ್ಲ ಅಂತ ನನ್ ಮಗನ್ ಬಾಳು ಹಾಳು ಮಾಡ್ತೀಯಾ?’ ಎಂದು ಕೂಗಾಡಿದಳು. ಊರಿನಲ್ಲಿ ಮಾತಾಡಿಸುವವರು ಕಡಿಮೆಯಾದರು. ಸತ್ತವನ ಮಾತಿನ ಮುಂದೆ ನನ್ನ ಮಾತು ಯಾರು ನಂಬುತ್ತಾರೆ?

ಡೆಪ್ಯುಟಿಯವರು ವಿಚಾರಿಸಿದಾಗ ಡೆರಿಕ್, ತನ್ನ ಗಾಡಿಯ ಸದ್ದಿಗೂ ಅತ್ತೆಯ ಗಾಡಿಯ ಸದ್ದಿಗೂ ಅಜಗಜಾಂತರ, ಕಿವಿ ಇರುವ ಯಾರಿಗಾದರೂ ಗೊತ್ತಾಗುತ್ತದೆ, ಓರಿನ್‌ಗಂತೂ ಗೊತ್ತಾಗದೆ ಇರುತ್ತಿರಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದಾನೆ. ಅದಕ್ಕೇ ನಾನು ಎರಡೂ ಗಾಡಿಗಳನ್ನು ಸ್ಟಾರ್ಟ್ ಮಾಡಿ ಕೇಳಿಸಿ ಎಂದು ಬೇಡಿಕೊಂಡೆ. ನಿನ್ನೆ ಮಧ್ಯಾಹ್ನ 2 ಗಂಟೆಗೆ ಈ ಕಚೇರಿಯ ಹಿಂದಿನ ಷೆಡ್ಡಿನೊಳಗೆ ಎರಡನ್ನೂ ನಿಲ್ಲಿಸಿ, ನನ್ನನ್ನು ಗೋಡೆಯ ಈಚೆ ಕುರ್ಚಿಯಲ್ಲಿ ಕೂರಿಸಿದರು. ಐದು ಸಲ ಒಂದೊಂದೇ ಸ್ಟಾರ್ಟ್ ಮಾಡಿದರು. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗುತ್ತದೆ ಎಂದು ಒಳಗೊಳಗೆ ನಂಬಿದ್ದೆ. ಐದರಲ್ಲಿ ಮೂರು ತಪ್ಪು ಹೇಳಿದೆ. ಕೊನೆಯ ಸಲ, ಇದೇ ನನ್ನ ಗಂಡನದು, ಸಂಶಯವೇ ಇಲ್ಲ ಎಂದೆ. ಅದು ಡೆರಿಕ್‌ನದಾಗಿತ್ತು.

ಡೆರಿಕ್ ಅಲ್ಲೇ ನಿಂತಿದ್ದ. ಜೋರಾಗಿ ನಕ್ಕ. ‘ನೋಡಿ ಸಾರ್, ಅತ್ತೆಗೆ ತನ್ನ ಗಾಡಿ ಯಾವುದು ಅಂತಾನೇ ಗೊತ್ತಿಲ್ಲ!’ ಎಂದ. ಡೆಪ್ಯುಟಿ ಹ್ಯಾಲ್ವರ್ಸನ್ ನಗಲಿಲ್ಲ. ಯಾರಿಗಾದರೂ ಗೊತ್ತಾಗುತ್ತದೆ ಎಂದಿದ್ದೆಯಲ್ಲ ಎಂದು ಅವನನ್ನು ಕೇಳಿದರು. ನನಗೆ ಗೆದ್ದೆ ಎಂದು ಅನ್ನಿಸಲಿಲ್ಲ. ನನ್ನ ಗಂಡನದೆಂದು ನಾನು ಕೈ ತೋರಿಸಿದ್ದು ಓರಿನ್‌ನನ್ನು ಕೊಂದ ಗಾಡಿಯನ್ನು.

ಇಂದು ಇದನ್ನು ಬರೆದುಕೊಳ್ಳುವಾಗ ಡೆಪ್ಯುಟಿಯವರು ಪೆನ್ನು ಕೆಳಗಿಟ್ಟು, ಆಂಬ್ಯುಲೆನ್ಸಿನವರ ಮುಂದೆ ನಾನು ಆಡಿದ ‘ತಪ್ಪಾಯ್ತು’ ಎಂಬ ಆ ಒಂದು ಮಾತನ್ನು ಇಲ್ಲಿ ಬರೆಸದೆ ಬಿಡಬಹುದು, ಕೋರ್ಟಿನಲ್ಲಿ ಅದು ನಿಮ್ಮ ಕುತ್ತಿಗೆಗೇ ಬರುತ್ತದೆ ಎಂದು ನನ್ನ ಒಳ್ಳೆಯದಕ್ಕೇ ತಿಳಿಸಿದರು. ಬರೆಯಿರಿ ಎಂದಿದ್ದೇನೆ. ಬೇರೆ ಬೇರೆ ಪೈಪು ಬೇಡವೆಂದು, ಇದೇ ಸದ್ದು ಬರುವವರೆಗೆ ಬಿಡದೆ ಆರಿಸಿದವಳು ನಾನು. ಮಂಗಳವಾರ ಬೆಳಗ್ಗೆ ಅದನ್ನು ಕೇಳುತ್ತ ಮೂವತ್ತೈದು ನಿಮಿಷ ಅಡುಗೆಮನೆಯಲ್ಲಿ ನಿಂತವಳೂ ನಾನು. ನನ್ನ ತಪ್ಪಾಯ್ತು ಇಷ್ಟಕ್ಕೆ. ಗುದ್ದಿ ಹೋದದ್ದಕ್ಕೆ ಓರಿನ್‌ಗೆ ಯಾರೂ ಇನ್ನೂ ತಪ್ಪಾಯ್ತು ಎಂದಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದು ಹೇಳಿದ ಹಾಗೇ ಇದೆ. ಯಾರ ಬಲವಂತವೂ ಇಲ್ಲ. ಒಂದು ಅಕ್ಷರವನ್ನೂ ಹೊಡೆದುಹಾಕಿಸಿಲ್ಲ.

ಸ್ಥಳ: ಹಾರ್ಲನ್ ಸ್ಪ್ರಿಂಗ್ಸ್
ತಾರೀಖು: 31-01-2024
ಸಹಿ: ವರ್ನಾ ಕುಚೆರಾ